ಎರಡು ಬಸ್ಸಿಗೆ ಎರಡು ಟವೆಲ್

ಡಾಕ್ಟರ್ ಆಂಟಿಯ ತೋರುಬೆರಳಿನ ತುದಿ ಸದಾ ನೇರಳೆಯಾಗಿರುತ್ತಿತ್ತು. ಆಸ್ಪತ್ರೆಯ ಲ್ಯಾಬಿನಲ್ಲಿ ಸ್ಲೈಡುಗಳಿಗೆ ಹಾಕುವ ಬಣ್ಣ. ಎಷ್ಟು ತೊಳೆದರೂ ಹೋಗದು. ಒಂದು ಶನಿವಾರ ಸಂಜೆ ನಾಲ್ಕೂ ಇಪ್ಪತ್ತಕ್ಕೆ ಆ ಬೆರಳು ನನ್ನ ಲ್ಯಾಪ್‌ಟಾಪಿನ ಪರದೆಯ ಒಂದು ಸಾಲಿನ ಮೇಲೆ ನಿಂತಿತು. ನನ್ನ ನಿದ್ದೆ ಹೋದದ್ದು ಆ ನಿಮಿಷಕ್ಕೆ.

ಅಮೆರಿಕದ ಜಾನ್ಸ್ ಕ್ರೀಕ್ ಊರಿನಲ್ಲಿ ಅವರದು ನಮ್ಮ ಪಕ್ಕದ ಮನೆ. ಧಾರವಾಡದ ಕಡೆಯವರು. ಬಡಾವಣೆಯ ಸಂಘದಿಂದ ಅಂಗಳದ ಹುಲ್ಲು ಕತ್ತರಿಸಿ ಎಂಬ ನೋಟಿಸು ಬಂದರೂ ಬೆರಳಿಟ್ಟು ಕೊನೆಯ ಸಾಲಿನವರೆಗೆ ಓದುತ್ತಿದ್ದರು. ನಾವು ನಗುತ್ತಿದ್ದೆವು. ಅವತ್ತು ಶೇಂಗಾ ಚಟ್ನಿಪುಡಿ ಕೊಡಲು ಬಂದವರಿಗೆ ನಾನೇ ಹೆಮ್ಮೆಯಿಂದ ತೋರಿಸಿದೆ:

"ಎರಡು ಕಾಲೇಜಿಗೂ ಅರ್ಲಿ ಡಿಸಿಷನ್ ಅಪ್ಲೈ ಮಾಡ್ಬಿಟ್ಟೆ ಆಂಟಿ, ಸೀಟು ಬೇಗ ಗೊತ್ತಾಗುತ್ತೆ."

ಒಂದು, ಶಾಲೆಯ ಕೊನೆಯ ವರ್ಷದಲ್ಲಿದ್ದ ನನ್ನ ಮಗಳು ಬಯಸಿದ ಕೆರೊಲಿನಾದ ಕಾಲೇಜು. ಇನ್ನೊಂದು ನಾನು ಬಯಸಿದ, ವಾಷಿಂಗ್ಟನ್ ಬಳಿಯದು. ಆ ಎರಡನೆಯ ಅರ್ಜಿಯನ್ನು ಅವಳಿಗೆ ಹೇಳದೆ ನಾನೇ ತುಂಬಿ, ಅವಳ ಸಹಿಯ ಜಾಗದಲ್ಲಿ ಅವಳ ಹೆಸರು ಟೈಪ್ ಮಾಡಿದ್ದೆ. ಆಂಟಿ ಬೆರಳಿಟ್ಟ ಸಾಲು ಹೇಳುತ್ತಿದ್ದದ್ದು ಇಷ್ಟೇ: ಸೀಟು ಕೊಟ್ಟರೆ ಬಂದೇ ಬರುತ್ತೇನೆ, ಈ ಮಾತನ್ನು ಬೇರೆಲ್ಲೂ ಕೊಟ್ಟಿಲ್ಲ.

"ತಮ್ಮಾ, ಇದನ್ನ ಓದೀಯೇನು?"

"ಸಿಇಟಿ ಥರ ಅಲ್ವಾ ಆಂಟಿ? ಎಲ್ಲಾ ಆಪ್ಷನ್ ಹಾಕೋದು, ಸಿಕ್ಕಿದ್ಮೇಲೆ ಆರಿಸ್ಕೊಳ್ಳೋದು."

"ಎರಡು ಬಸ್ಸಿಗೆ ಎರಡು ಟವೆಲ್ ಒಗದು ಬಂದೀಯಲ್ಲೋ! ಇಬ್ಬರೂ ಕಂಡಕ್ಟರು ಮಾತಾಡ್ಕೊಂಡ್ರ, ಹುಡುಗಿ ಸ್ಟ್ಯಾಂಡಿನಾಗ ನಿಂದ್ರತಾಳ."

ನನಗೆ ನಗು ಬರಲಿಲ್ಲ. ಅವರು ನನ್ನ ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. "ನಿನಗ ಯಾವುದು ಬೇಕವಾ?"

"ಕೆರೊಲಿನಾ, ಆಂಟಿ. ಅಪ್ಪಂಗೆ ಹೇಳ್ದೆ. ಅಪ್ಪ ರ‍್ಯಾಂಕಿಂಗ್ ಮಾತ್ರ ನೋಡಿದ್ರು." ಅಷ್ಟರಲ್ಲಿ ಪರದೆಯ ಕಡೆ ತಿರುಗಿದಳು. "ಅಪ್ಪಾ, ಐ ಡಿಡಂಟ್ ಸೈನ್ ದಿಸ್."

ವಾಷಿಂಗ್ಟನ್ ಅರ್ಜಿಯನ್ನು ಸದ್ದಿಲ್ಲದೆ ವಾಪಸು ತೆಗೆದುಬಿಡೋಣ ಎಂದೆ. ಆಂಟಿ ಒಪ್ಪಲಿಲ್ಲ. "ಇದು ಹೊರಗ ಬಿತ್ತಂದ್ರ ಸುಳ್ಳು ಅಕೀ ಹೆಸರಿಗೆ ಅಂಟ್ತದ. ಸಹಿ ಯಾರು ಮಾಡ್ಯಾರ ಅಂತ ಶಾಲ್ಯಾಗ ನೀನ ಹೇಳು. ಸೋಮವಾರ ನಾನೂ ಬರ್ತೀನಿ."

ಲ್ಯಾಬಿಗೆ ರಜೆ ಹಾಕಿ ಬಂದರು. ಕಾಲೇಜು ಅರ್ಜಿಗಳನ್ನು ನೋಡಿಕೊಳ್ಳುವ ಶಾಲೆಯ ಕೌನ್ಸೆಲರ್ ನನ್ನ ಮಾತು ಮುಗಿಯುವವರೆಗೆ ಕೇಳಿ ಪೆನ್ನು ಕೆಳಗಿಟ್ಟರು. ಮಗಳ ಕೆರೊಲಿನಾ ಅರ್ಜಿಗೆ ಅವರ ಸಹಿ ಇನ್ನೂ ಆಗಬೇಕಿತ್ತು. ಆ ಪೆನ್ನು ಮೇಜಿಗೆ ತಾಗಿದ ಸದ್ದು ಇವತ್ತಿಗೂ ಕೇಳಿಸುತ್ತದೆ. ಆಂಟಿಯ ಕೈ ನನ್ನ ಮುಂಗೈ ಮೇಲಿತ್ತು. ಕೊನೆಗೆ ಕೌನ್ಸೆಲರ್, ತಪ್ಪು ತಂದೆಯದೆಂದು ವಾಷಿಂಗ್ಟನ್ ಕಾಲೇಜಿಗೆ ನನ್ನಿಂದಲೇ ಪತ್ರ ಬರೆಸಿದರು. ಅರ್ಜಿ ರದ್ದಾಯಿತೆಂಬ ಉತ್ತರ ಬಂದ ಮೇಲೆಯೇ ಸಹಿ ಹಾಕಿದರು. ಅಲ್ಲಿಯವರೆಗಿನ ಹನ್ನೊಂದು ದಿನ ಫೋನು ಟಿಂಗ್ ಎಂದರೆ ಕೈಯ ಕೆಲಸ ಬಿಟ್ಟು ಇಮೇಲ್ ತೆರೆಯುತ್ತಿದ್ದೆ.

ಡಿಸೆಂಬರಿನಲ್ಲಿ ಕೆರೊಲಿನಾದಿಂದ ಸೀಟು ಬಂತು. ಮನೆಯವರೆಲ್ಲ ಕುಣಿದರು. ಯಾರೋ ಹಳೆಯದನ್ನು ಕೆದಕಿ ಅದನ್ನೂ ಕಿತ್ತುಕೊಂಡರೆ ಎಂದು ನಾನು ಮಾತ್ರ ಲೆಟರ್ ತೆಗೆತೆಗೆದು ನೋಡುತ್ತಿದ್ದೆ.

ಆಂಟಿ ತೀರಿಕೊಂಡು ಎರಡು ವರ್ಷವಾಯಿತು. ಅವರನ್ನು ನೆನೆದಾಗಲೆಲ್ಲ ನನಗೆ ಕಾಣುವುದು ಮಗಳನ್ನು ಬಿಡಲು ಹೋದ ಆಗಸ್ಟ್ ದಿನ. ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ, ಅವಳ ದಿಂಬು ತೊಡೆಯ ಮೇಲಿಟ್ಟುಕೊಂಡು ಅವರೂ ಬಂದಿದ್ದರು. ಕಾಲೇಜು ಹಾಸ್ಟೆಲಿನ ಬಾಗಿಲಲ್ಲಿ ರೂಮಿನ ಕೀಲಿ ಕೊಡುವ ಮೊದಲು ಒಂದು ಫಾರಂ ಕೊಟ್ಟರು. ನಮ್ಮ ಹಿಂದೆ ಕಾಯುವವರ ಉದ್ದನೆಯ ಸಾಲು. ಮಗಳು ಅವಸರ ಮಾಡಲಿಲ್ಲ. ಮೊದಲ ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದಳು. ಆಂಟಿ ಮೊಣಕೈಯಿಂದ ನನ್ನನ್ನು ತಿವಿದರು. ಮಗಳು ಕೊನೆಯವರೆಗೂ ಓದಿ, ತನ್ನ ಹೆಸರನ್ನು ತಾನೇ ಬರೆದಳು.

ಆ ರಾತ್ರಿ ಬೆಳಗಾಗುವವರೆಗೆ ನಿದ್ದೆ ಮಾಡಿದೆ.