ಬಾವಿಯ ನೀರು, ಕ್ರಿಸ್ತಶಕ ತೊಂಬತ್ತೆರಡು

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯ ಸಂಗತಿಯಿದು. ನನ್ನ ದಿನಚರಿ ಮಾರ್ಚ್ ಎನ್ನುತ್ತದೆ, ಫ್ಲಾಪಿಯ ಚೀಟಿ ಏಪ್ರಿಲ್ ಎನ್ನುತ್ತದೆ. ಎರಡೂ ನನ್ನದೇ ಕೈಬರಹ.

ಮಮದಾಪುರದ ಬಾವಿಗಳ ನೀರಿನ ಮಟ್ಟವನ್ನು ನಾನು ಹಲವು ವರ್ಷ ಅಳೆದು ಕಂಪ್ಯೂಟರಿಗೆ ಏರಿಸಿದ್ದೆ. ಆ ಅಳತೆಗಳನ್ನು ಕಾಲಕ್ರಮದಲ್ಲಿ ಜೋಡಿಸುವ ಪ್ರೋಗ್ರಾಮು ನನ್ನದು. ಅದರೊಳಗೆ ದಿನಾಂಕ ಓದುವ ಭಾಗ ಮಾತ್ರ ಗೋಕಾಕದಲ್ಲಿ ಕಂಪ್ಯೂಟರ್ ತರಗತಿ ನಡೆಸುತ್ತಿದ್ದ ಮಹಿಳೆಯೊಬ್ಬರದು. ಹುಕ್ಕೇರಿಯ ನನ್ನ ಸಹೋದ್ಯೋಗಿಯೂ ಆ ಭಾಗವನ್ನೇ ಬಳಸುತ್ತಿದ್ದರು. ಅದಿದ್ದ ಫ್ಲಾಪಿ ಬಿಸ್ಕೀಟಿನ ಡಬ್ಬಿಯಲ್ಲಿ, ಬಸ್ ಕಂಡಕ್ಟರನ ಕೈಯಲ್ಲಿ ನಮ್ಮ ಮೂವರ ನಡುವೆ ಓಡಾಡುತ್ತಿತ್ತು. ತಿದ್ದುಪಡಿಯಾದಾಗಲೆಲ್ಲ ಆಕೆ ಹಳೆಯದರ ಮೇಲೆಯೇ ಹೊಸದನ್ನು ಬರೆದು, ಅದೇ ಹೆಸರಿನಲ್ಲಿ ಕಳಿಸುತ್ತಿದ್ದರು.

ಎರಡು ಸಾವಿರದ ಇಸವಿ ಸಮೀಪಿಸುತ್ತಿದ್ದುದರಿಂದ ಆಕೆ ವರ್ಷಕ್ಕೆ ನಾಲ್ಕು ಅಂಕಿ ಕಡ್ಡಾಯ ಮಾಡಿದರು. ನಾನು ಸಾವಿರದ ಒಂಬೈನೂರ ತೊಂಬತ್ತೆರಡನ್ನು ಬರೀ ತೊಂಬತ್ತೆರಡು ಎಂದು ಎರಡೇ ಅಂಕಿಯಲ್ಲಿ ಬರೆದವನು. ಹೊಸ ಭಾಗ ಸೇರಿಸಿದೊಡನೆ ಮಮದಾಪುರದ ಬಾವಿಗಳು ಕ್ರಿಸ್ತಶಕ ತೊಂಬತ್ತೆರಡಕ್ಕೆ ಸರಿದುಹೋದವು. ವಾರದೊಳಗೆ ನನ್ನ ವರದಿ ಬೆಳಗಾವಿ ತಲುಪಬೇಕಿತ್ತು.

"ಹಳೇದು ಕೊಡ್ರಿ," ಎಂದೆ.

"ಎಲ್ಲೈತ್ರಿ ಸರ? ಅದರ ಮ್ಯಾಲೇ ಹೊಸಾದು ಬರದೇನಲ್ರಿ," ಎಂದರು ಆಕೆ. "ಮಾಡೂ ಕೆಲಸ ಅದೇ ಅಂದಮ್ಯಾಲೆ ಬ್ಯಾರೆ ಹೆಸರು ಯಾಕ ಅಂದ್ಕೊಂಡೆ."

ನಾನೂ ನನ್ನ ಪ್ರತಿಯ ಮೇಲೆ ಹಾಗೆಯೇ ಬರೆದುಕೊಂಡಿದ್ದೆ. ಜೀವಮಾನವೆಲ್ಲ ದಿನಾಂಕ ತಾಳೆ ನೋಡಿದವನು ಹಳೆಯದನ್ನು ಅಳಿಸುವ ಮೊದಲು ಹೊಸದನ್ನೇಕೆ ತಾಳೆ ನೋಡಲಿಲ್ಲವೆಂಬುದು ಈಗಲೂ ನನಗೆ ಕುತೂಹಲದ ಪ್ರಶ್ನೆ.

ಆಗ ಹುಕ್ಕೇರಿಯವರು ನೆನಪಾದರು. ಮೊದಲ ಪ್ರತಿಯನ್ನು ತಮ್ಮ ಯಂತ್ರಕ್ಕೆ ಇಳಿಸಿಕೊಂಡ ಮೇಲೆ ಬಂದ ತಿದ್ದುಪಡಿಗಳನ್ನೆಲ್ಲ ಅವರು ಮುಟ್ಟದೆ ಹಿಂದಿರುಗಿಸುತ್ತಿದ್ದರು. ನಾವು ಅದಕ್ಕಾಗಿ ಅವರನ್ನು ಗೇಲಿ ಮಾಡುತ್ತಿದ್ದೆವು. ಮರುದಿನ ಬೆಳಗಿನ ಬಸ್ಸು ಹಿಡಿದೆ.

"ಬರ್ರಿ, ಬರ್ರಿ! ಮುಂದ ಹೋದವ್ರು ಯಾಕ ಹಿಂದ ಬಂದ್ರಿ?" ಎಂದು ನಕ್ಕರು. "ನಂದು ಬರೋಬರಿ ಕೆಲಸಾ ಮಾಡಾಕತ್ತೇತಿ, ನಾ ಯಾಕ ಬದಲಿ ಮಾಡ್ಲಿ? ಖಾಲಿ ಫ್ಲಾಪಿ ತಂದೀರೇನು? ಮತ್ತ ಇದರ ಮ್ಯಾಲೆ ಏನರ ಬರದೀರಿ!"

ಆ ಪ್ರತಿಯನ್ನು ಗೋಕಾಕಕ್ಕೆ ತಂದೆ. ಆಕೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು, ಎರಡಂಕಿಯನ್ನೂ ನಾಲ್ಕಂಕಿಯನ್ನೂ ಓದಬಲ್ಲ ಇನ್ನೊಂದನ್ನು ಬರೆದರು. ಬಾವಿಗಳು ತಮ್ಮ ಶತಮಾನಕ್ಕೆ ಮರಳಿದವು, ವರದಿ ಸಮಯಕ್ಕೆ ತಲುಪಿತು. ಮೂರು ಫ್ಲಾಪಿಗಳ ಮೇಲೆ ಆಕೆ ಕೆಂಪು ಶಾಯಿಯಲ್ಲಿ ಒಂದು, ಎರಡು, ಮೂರು ಎಂದು ಬರೆದು, ಮೂರನ್ನೂ ಇಟ್ಟುಕೊಂಡರು.

ಹುಕ್ಕೇರಿಯವರಿಗೆ ಮೂರನೆಯದರ ಒಂದು ಪ್ರತಿ ಕಳಿಸಿದೆವು. ಡಬ್ಬಿ ಎಂದಿನಂತೆ ಹಿಂದಿರುಗಿತು. ಅವರು ಅದನ್ನು ಇಳಿಸಿಕೊಂಡರೋ ಇಲ್ಲವೋ, ಈ ಬಾರಿ ನಾವು ಕೇಳಲಿಲ್ಲ.