ಮೂರು ಹೆಸರಿನ ಸರ್ವರು

ಶಂಕರನಾರಾಯಣದ ಶೈಲೇಶನಿಗೆ ಇಪ್ಪತ್ತಾರು ವರ್ಷ. ಕುಂದಾಪುರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಸಿಸ್ಟಮ್ ಅಡ್ಮಿನ್. ಅಂದರೆ ಪ್ರಿಂಟರಿನಲ್ಲಿ ಸಿಕ್ಕಿಬಿದ್ದ ಕಾಗದ ಎಳೆಯುವುದರಿಂದ ಹಿಡಿದು ಸರ್ವರಿಗೆ ಹೆಸರಿಡುವವರೆಗೆ ಎಲ್ಲಕ್ಕೂ ಅವನೇ. ಎಷ್ಟು ಗೊತ್ತು ಎಂದು ಯಾರೂ ಕೇಳದ್ದರಿಂದ ಎಲ್ಲ ಗೊತ್ತು ಎಂದೇ ತಿಳಿದುಕೊಂಡಿದ್ದ.

ಎಡವಟ್ಟಾದದ್ದು ಹೆಸರಿಡುವುದರಲ್ಲೇ. ಲ್ಯಾಬಿಗೆ ಬೈಂದೂರು, ಬ್ರಹ್ಮಾವರದಲ್ಲಿ ಶಾಖೆಗಳಿದ್ದರೂ ಸರ್ವರು ಕುಂದಾಪುರದಲ್ಲಿರುವುದೊಂದೇ. ಕಂಪ್ಯೂಟರಿನಲ್ಲಿ ಒತ್ತುವ ಅದರ ವಿಳಾಸದಲ್ಲಿ ಕುಂದಾಪುರದ ಹೆಸರು ಕಂಡದ್ದೇ ಬೈಂದೂರಿನ ಮ್ಯಾನೇಜರು ಚಂದಯ್ಯನವರು ಸಿಡಿದರು. “ನಮ್ದ್ ಬೇರೆ ತಾಲೂಕ್ ಆಯಿ ಎಷ್ಟ್ ವರ್ಷ ಆಯ್ತ್! ಇನ್ನೂ ಕುಂದಾಪ್ರದ ಹೆಸ್ರೇ ಒತ್ತ್ಕಾ?” ಬ್ರಹ್ಮಾವರದವರೂ “ಹಾಂಗಾರೆ ನಮ್ಗೂ ಒಂದ್” ಎಂದರು. ದೊಡ್ಡವರ ಜೊತೆ ಜಗಳ ಯಾಕೆಂದು ಶೈಲೇಶ ಅದೇ ಸರ್ವರಿಗೆ ಮೂರು ಊರಿನ ಮೂರು ವಿಳಾಸ ಕೊಟ್ಟು, ಮಹೋಪಕಾರ ಮಾಡಿದವನಂತೆ ಚಾ ಕುಡಿದ.

ಆ ಸೋಮವಾರದಿಂದ ‘ಒಂದೇ ಲಾಗಿನ್’ ಜಾರಿಗೆ ಬಂತು. ಬೆಳಿಗ್ಗೆ ಕಂಪ್ಯೂಟರಿಗೆ ಒಮ್ಮೆ ಪಾಸ್‌ವರ್ಡ್ ಕೊಟ್ಟರೆ ಹಾಜರಿ, ರಿಪೋರ್ಟು ಎಲ್ಲ ತಾನಾಗಿ ತೆರೆಯಬೇಕು. ಬೈಂದೂರಿನ ವಾರಿಜಾಕ್ಷಿಗೆ ತೆರೆಯಲಿಲ್ಲ. ಆ ಶಾಖೆಯಲ್ಲಿ ಕಂಪ್ಯೂಟರಿನ ಮುಂದೆ ಕೂರುವವಳು ಅವಳೊಬ್ಬಳೇ. ಕಿರಿಮಂಜೇಶ್ವರದಿಂದ ಬಸ್ಸು ಹಿಡಿದು ಎಂಟಕ್ಕೇ ಹಾಜರಾಗುವವಳು ಹಾಜರಿ ಲೆಕ್ಕದಲ್ಲಿ ಮೂರು ದಿನ ‘ಗೈರು’. ಶನಿವಾರ ಅವಳ ಕೆಲಸ ಕಾಯಂ ಆಗಬೇಕಿತ್ತು. ಗುರುವಾರ ಬಂದದ್ದು ನೋಟಿಸು: ಕಾರಣವಿಲ್ಲದೆ ಗೈರಾದ ನಿಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು?

“ಪಾಸ್‌ವರ್ಡ್ ಸಮಾ ಹೊಡಿನಿ ಅಕ್ಕ. ಇಲ್ಲಿ ಎಲ್ಲ ಸಮಾ ಇತ್ತ್. ಬ್ರಹ್ಮಾವರದವ್ರೂ ಎಂತ ಹೇಳಲಿಲ್ಲೆ, ನಿಮ್ಗ್ ಮಾತ್ರ ಎಂತ?” ಎಂದು ಶೈಲೇಶ ಮೂರು ದಿನವೂ ಫೋನಿನಲ್ಲಿ ಗದರಿದ್ದ. ನೋಟಿಸು ಸಿಕ್ಕಿದ್ದೇ ಅವಳ ಫೋನು ಬಂತು.

“ಹ್ವಾಯ್ ಸಿಸ್ಟಮಿನವ್ರೆ, ಇವತ್ತ್ ಬಂದ್ ನನ್ನೆದ್ರ್ ಕೂಕಂಡ್ ಕಾಣಿ. ಬರ್ದಿದ್ರೆ ನಾನೇ ಅಲ್ಲಿಗ್ ಬತ್ತೆ. ಆಗ ಹೊಡುದ್ ಪಾಸ್‌ವರ್ಡ್ ಅಲ್ಲ!”

ಕೀಲಿಮಣೆ ಒತ್ತಲು ಬಾರದವಳಿಗೆ ಬುದ್ಧಿ ಕಲಿಸಿಯೇ ಬರುತ್ತೇನೆಂದು ಉರಿಯುತ್ತ ಅವನು ಬಸ್ಸು ಹತ್ತಿದ.

ಅವಳು ಅವನ ಕಣ್ಣೆದುರೇ ಬೈಂದೂರಿನ ವಿಳಾಸ ಒತ್ತಿದಳು. ಪಾಸ್‌ವರ್ಡ್ ಕೇಳಿತು, ಕೊಟ್ಟಳು. ಮತ್ತೆ ಕೇಳಿತು. ಮೂರನೆಯ ಸಲ ಬರೀ ಬಿಳಿ ಪುಟ. “ಸರಿನಿ” ಎಂದು ಅವಳನ್ನು ಎಬ್ಬಿಸಿ ಶೈಲೇಶ ತನ್ನ ಹೆಸರಿನಲ್ಲಿ ಲಾಗಿನ್ ಆಗಿ ನೋಡಿದ. ಅವನಿಗೂ ಬಿಳಿ ಪುಟವೇ. ಅಭ್ಯಾಸಬಲದಿಂದ ಬೆರಳು ಕುಂದಾಪುರದ ವಿಳಾಸ ಒತ್ತಿತು. ಏನೂ ಕೇಳದೆ ತೆರೆದುಕೊಂಡಿತು.

ಅವನು ಗಡಿಬಿಡಿಯಿಂದ ಸೆಟ್ಟಿಂಗ್ ತೆರೆದು ನೋಡಿದ. ಯಾರನ್ನು ಒಳಗೆ ಬಿಡಬೇಕೆಂದು ನೋಡುವ ವ್ಯವಸ್ಥೆಯ ಪಟ್ಟಿಯಲ್ಲಿ ಆ ಸರ್ವರಿಗೆ ಕುಂದಾಪುರದ ಹೆಸರೊಂದೇ ಇತ್ತು. ಉಳಿದ ಹೆಸರುಗಳು ಅದಕ್ಕೆ ಅಪರಿಚಿತ. ಹೆಸರಿಟ್ಟವನೂ ಅವನೇ, ಪಟ್ಟಿಗೆ ಸೇರಿಸದೆ ಬಿಟ್ಟವನೂ ಅವನೇ. ಮೂರು ದಿನ ಕುಂದಾಪುರದ ವಿಳಾಸವನ್ನಷ್ಟೇ ಪರೀಕ್ಷಿಸಿ ಜಂಬ ಕೊಚ್ಚಿದವನೂ ಅವನೇ. ಬ್ರಹ್ಮಾವರಕ್ಕೆ ಫೋನು ಮಾಡಿದರೆ, “ನಾವ್ ಹಳೇ ಕುಂದಾಪ್ರದ್ದೇ ಒತ್ತುದ್. ಹೊಸ್ದ್ ಯಾರಿಗ್ ನೆನಪಿತ್ತ್ ಮಾರಾಯ್ರೆ?”

ಹಲ್ಲು ಕಚ್ಚಿಕೊಂಡು ಎರಡೂ ಹೆಸರುಗಳನ್ನು ಪಟ್ಟಿಗೆ ಸೇರಿಸಿದ. ಅವನ ಲಾಗಿನ್ ಮುಚ್ಚಿ ವಾರಿಜಾಕ್ಷಿ ತನ್ನ ಹೆಸರಿನಲ್ಲಿ ಲಾಗಿನ್ ಆದಳು. ಬೈಂದೂರಿನ ವಿಳಾಸವೂ ತೆರೆಯಿತು.

“ಆಯ್ತಲ್ದಾ ಅಕ್ಕ” ಎಂದು ಶೈಲೇಶ ಎದ್ದ.

“ಎಂತ ಆಯ್ತ್? ನನ್ನ್ ಮೂರ್ ದಿನ ಎಲ್ಲ್ ಹೋಯ್ತ್? ಕೂಕಣಿ. ಧಣಿಗಳಿಗ್ ಮೇಲ್ ಬರಿನಿ.”

‘ತಾಂತ್ರಿಕ ತೊಂದರೆಯಿಂದ’ ಎಂದು ಅವನು ಶುರುಮಾಡಿದ.

“ತಾಂತ್ರಿಕ ಅಂದ್ರೆ ಯಾರ್? ಅದಕ್ಕ್ ಅಪ್ಪ ಅಮ್ಮ ಇಲ್ಯಾ?”

ಅಳಿಸಿ ಬರೆದ: ‘ತಪ್ಪು ನನ್ನದು. ವಾರಿಜಾಕ್ಷಿಯವರು ಮೂರೂ ದಿನ ಕೆಲಸಕ್ಕೆ ಬಂದಿದ್ದಾರೆ.’

ಅಷ್ಟರಲ್ಲಿ ಮೆಲ್ಲಗೆ ಹೊರಗೆ ಹೊರಟಿದ್ದ ಚಂದಯ್ಯನವರ ಕಡೆಗೆ ಅವಳು ತಿರುಗಿದಳು. “ನೀವೂ ನಿಲ್ಲಿ. ಮೂರ್ ದಿನ ನನ್ನ್ ಮುಖ ಕಂಡ್ಕಂಡೂ ಬಾಯಿ ಬಿಡ್ಲಿಲ್ಲೆ. ನಿಮ್ ಹೆಸ್ರೂ ಅದ್ರಡಿಗ್ ಬರ್ಲಿ.” ತಾಲೂಕಿನ ಮಾನ ಕಾಯ್ದಿದ್ದ ಚಂದಯ್ಯನವರು ವಾಪಸು ಬಂದು ಹೆಸರು ಸೇರಿಸಿದರು.

ಮೇಲ್ ಹೋದ ಕಾಲು ಗಂಟೆಯಲ್ಲಿ ಲ್ಯಾಬಿನ ಧಣಿ ಕಮಲಾಕ್ಷ ಹಂದೆಯವರೇ ಅವಳಿಗೆ ಫೋನು ಮಾಡಿದರು. ನೋಟಿಸು ವಾಪಸು, ಶನಿವಾರ ಕಾಯಂ ಪತ್ರ. ವಾರಿಜಾಕ್ಷಿ ಒಂದು ನಗು ಕೂಡ ನಗದೆ ಫೋನನ್ನು ಶೈಲೇಶನ ಮುಖಕ್ಕೆ ಚಾಚಿದಳು.

“ತಕಣಿ. ಧಣಿಗಳಿಗ್ ಇನ್ನ್ ನಿಮ್ ಹತ್ರ ಮಾತಾಡ್ಕ್ ಅಂಬ್ರ್.”