ಹತ್ತೊಂಬತ್ತು ಮಡಿಕೆಗಳ ಕಡತ

ಬೆಳಗಿನ ಐದೂಕಾಲು. ಕುಡಿಯುವ ನೀರಿನ ಪಂಪ್‌ಹೌಸಿನಲ್ಲಿ ಮೂರು ಮೋಟಾರುಗಳು ಒಟ್ಟಿಗೇ ಗುಂಯ್‌ಗುಡುತ್ತಿವೆ. ಆಪರೇಟರ್ ಒತ್ತಡದ ಮುಳ್ಳಿನ ಮೇಲೆ ಒಂದು ಕಣ್ಣಿಟ್ಟು, ತೊಡೆಯ ಮೇಲಿನ ನೂರ ನಲವತ್ತು ಪುಟಗಳ ಕಡತ ಓದುತ್ತಿದ್ದಾರೆ. ಅರ್ಥವಾಗದ ಪುಟದ ಮೂಲೆಯನ್ನು ಮಡಚುತ್ತಾರೆ. ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಸುಮ್ಮನಿರಲಾರದೆ ಎಣಿಸುತ್ತೇನೆ: ಹತ್ತೊಂಬತ್ತು.

ನಗರಸಭೆ ನೌಕರರ ಪಿಂಚಣಿ ನಿಧಿಗೆ ಏಳು ಟ್ರಸ್ಟಿಗಳು. ಹಣವನ್ನು ಎಲ್ಲಿ ಹೂಡಬೇಕೆಂದು ತೀರ್ಮಾನಿಸುವವರು ಅವರೇ. ಆರು ಮಂದಿ ಅಧಿಕಾರಿಗಳು. ಏಳನೆಯವರು ನೌಕರರು ಆರಿಸಿ ಕಳಿಸಿದ ಈ ಆಪರೇಟರ್. ಈ ಕೆಲಸಕ್ಕೆ ಸಂಬಳವಿಲ್ಲ, ಸಭೆಯ ದಿನ ಒಂದು ಊಟವಿದೆ. ಒಂಬತ್ತು ವರ್ಷದಿಂದ ರಾತ್ರಿ ಪಾಳಿ ಮುಗಿಸಿ, ಮುಖ ತೊಳೆದು, ಸೀದಾ ಸಭೆಗೆ ಹೋಗುತ್ತಾರೆ. ಅಲ್ಲಿ ಅವರ ಅಡ್ಡಹೆಸರು 'ಇನ್ನೊಂದ್ಸಲ'. ಸಲಹೆಗಾರರು ಏನೇ ಹೇಳಲಿ, ಇನ್ನೊಂದು ಸಲ ಬಿಡಿಸಿ ಹೇಳಿ ಎನ್ನುತ್ತಾರಂತೆ.

ಆ ಅಭ್ಯಾಸದ ಹಿಂದೆ ಒಂದು ತಪ್ಪಿದೆ. ಮೊದಲ ವರ್ಷ ದೊಡ್ಡ ಕಟ್ಟಡವೊಂದಕ್ಕೆ ಹಣ ಹಾಕುವ ಮಾತು ಬಂದಾಗ, ಏನೂ ತಿಳಿಯದೆ, ಕೇಳಲು ನಾಚಿ, ತಲೆಯಾಡಿಸಿದರು. ಕಟ್ಟಡ ಅರ್ಧಕ್ಕೆ ನಿಂತಿತು. ಎರಡು ವರ್ಷ ಪಿಂಚಣಿ ಒಂದು ಕಾಸೂ ಏರಲಿಲ್ಲ.

"ಏಳೂ ಜನ ಒಪ್ಪಿದ್ವಿ. ಆದ್ರೆ ಆ ಆರು ಜನಾನ ಯಾರೂ ಅಂಗಡಿ ಮುಂದೆ ನಿಲ್ಲಿಸಿ ಕೇಳಲ್ಲ. ನನ್ನ ಕೇಳ್ತಾರೆ."

ಇಂದು ಹನ್ನೊಂದಕ್ಕೆ ಮತ್ತೆ ಅಂಥದ್ದೇ ತೀರ್ಮಾನ. ನಿಧಿಯ ಹತ್ತರಲ್ಲೊಂದು ಪಾಲನ್ನು ಟೋಲ್ ರಸ್ತೆಗೆ ಹಾಕಿದರೆ ಪಿಂಚಣಿ ಏರೀತು ಎನ್ನುತ್ತದೆ ಕಡತ. ಇದೇ ಪಂಪ್‌ಹೌಸಿನಿಂದ ನಿವೃತ್ತರಾದ ಅವರ ಅಣ್ಣ ಕಾಯುತ್ತಿರುವುದೂ ಅದಕ್ಕೇ. ಅತ್ತಿಗೆಯ ಮಂಡಿ ಆಪರೇಷನ್ ಮುಂದಕ್ಕೆ ಹೋಗುತ್ತಲೇ ಇದೆ. ನಿನ್ನೆ ಸಂಜೆ ಅಣ್ಣ ಬಂದು ಹೇಳಿದರಂತೆ: "ಒಂದೇ ಒಂದು ಸಲ ಬಾಯಿ ಮುಚ್ಕೊಂಡು ಕೈ ಎತ್ತೋ, ಪುಣ್ಯಾತ್ಮ."

ಸಭೆಯಲ್ಲಿ ನನಗೆ ಹಿಂದಿನ ಕುರ್ಚಿ. ಆಪರೇಟರ್ ಒಂದೊಂದೇ ಮಡಿಕೆ ಬಿಚ್ಚಿ ಕೇಳುತ್ತಾರೆ. ಅಧ್ಯಕ್ಷರು ಗಡಿಯಾರ ನೋಡುತ್ತಾರೆ. ಕೊನೆಯ ಮಡಿಕೆ ಬಿಚ್ಚಿಕೊಳ್ಳುತ್ತದೆ.

"ನಡುವೆ ಬೇಕು ಅಂದ್ರೆ ದುಡ್ಡು ವಾಪಸ್ ತೆಗೀಬಹುದಾ?"

ಹನ್ನೆರಡು ವರ್ಷ ಆಗುವುದಿಲ್ಲ, ಎನ್ನುತ್ತಾರೆ ಸಲಹೆಗಾರರು.

"ನಮ್ಮೋರಲ್ಲಿ ಎಪ್ಪತ್ತು ದಾಟಿದೋರು ಎಷ್ಟು ಜನ?"

ಗುಮಾಸ್ತೆ ಪಟ್ಟಿ ತಿರುವುತ್ತಾರೆ. ನಾಲ್ಕು ಸಾವಿರದ ಇನ್ನೂರು ಪಿಂಚಣಿದಾರರಲ್ಲಿ ಅರ್ಧಕ್ಕಿಂತ ಹೆಚ್ಚು.

ಪರವಾಗಿ ಮೂರು ಕೈಗಳು ಏಳುತ್ತವೆ. ವಿರುದ್ಧ ನಾಲ್ಕು. ಆ ನಾಲ್ಕನೆಯದು, ಆಪರೇಟರ್ ಕೈ, ತುಂಬ ನಿಧಾನವಾಗಿ ಮೇಲೇರುತ್ತದೆ.

ಹೊರಗೆ ಮೆಟ್ಟಿಲ ಮೇಲೆ ಕುಳಿತ ಅವರಿಗೆ ಅಣ್ಣನ ಫೋನ್ ಬರುತ್ತದೆ. "ಆಗ್ಲಿಲ್ಲ ಕಣಣ್ಣ," ಎಂದು ಹೇಳಿ ಅಣ್ಣನ ಮಾತು ಮುಗಿಯುವವರೆಗೆ ಕೇಳಿಸಿಕೊಳ್ಳುತ್ತಾರೆ. ಆಮೇಲೆ ಕಡತದ ಮೂಲೆಗಳನ್ನು ಹೆಬ್ಬೆರಳಿನಿಂದ ಸವರಿ ನೆಟ್ಟಗೆ ಮಾಡುತ್ತಾರೆ. ಇಷ್ಟೆಲ್ಲ ಮಾಡಿದ್ದನ್ನು ಯಾರಾದರೂ ನೆನೆಯುತ್ತಾರೆಯೇ ಎಂದು ಕೇಳುತ್ತೇನೆ.

"ಒಂದನೇ ತಾರೀಖು ದುಡ್ಡು ಬಂದ್ರೆ ಯಾರೂ ನನ್ನ ನೆನೆಸ್ಕೊಳ್ಳಲ್ಲಮ್ಮ. ಹಾಗೇ ಇರ್ಲಿ. ನೆನೆಸ್ಕೊಂಡ್ರು ಅಂದ್ರೆ, ಬಂದಿಲ್ಲ ಅಂತ."